ಬೀಜ ಓದುವ ಬೆಳಕು

ಬಾಲ್ಕನಿಯ ಕುಂಡಗಳಿಗೆ ನೇರಳೆ ಎಲ್‌ಇಡಿ ದೀಪ ಕೊಳ್ಳಬೇಕೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಗಿಡಕ್ಕೆ ಬೇಕಾದದ್ದು ಕೆಂಪು, ನೀಲಿ ಎರಡೇ, ಹಸಿರು ದಂಡ ಎನ್ನುವುದು ಮಾರುವವರ ವಾದ. ಅದು ಅರ್ಧ ಸತ್ಯ. ಪತ್ರಹರಿತ್ತು ಹಸಿರನ್ನು ಕಡಿಮೆ ಹೀರುವುದು ನಿಜ. ಆದರೆ ಆ ಹಸಿರು ಎಲೆಯೊಳಗೇ ಚದುರುತ್ತಾ ಆಳಕ್ಕಿಳಿಯುತ್ತದೆ, ಕೆಂಪು-ನೀಲಿ ತಲುಪದ ಕೋಶಗಳಿಗೂ ಒದಗುತ್ತದೆ. ಕೀತ್ ಮೆಕ್‌ಕ್ರೀ 1972ರಲ್ಲೇ 22 ಬೆಳೆಗಳ ಎಲೆಗಳನ್ನು ಪರೀಕ್ಷಿಸಿ, ಹಸಿರು ಬೆಳಕಿನಲ್ಲೂ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ನಡೆಯುತ್ತದೆಂದು ತೋರಿಸಿದ್ದರು. ಸಾಕಷ್ಟು ಪ್ರಖರವಾದ ಬಿಳಿ ದೀಪವೇ ಸಾಕು.

ಬಣ್ಣದ ನಿಜವಾದ ಸ್ವಾರಸ್ಯ ಇರುವುದು ಬೇರೆಡೆ. ಗಿಡಕ್ಕೆ ಬೆಳಕು ಊಟವಷ್ಟೇ ಅಲ್ಲ, ಸುದ್ದಿಯೂ ಹೌದು.

ಅಮೆರಿಕದ ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್‌ನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬೋರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ನೆನೆಸಿದ ಲೆಟ್ಯೂಸ್ ಬೀಜಗಳಿಗೆ ಸ್ವಲ್ಪ ಹೊತ್ತು ಕೆಂಪು ಬೆಳಕು ತೋರಿಸಿದರು. ನೂರಕ್ಕೆ ಸುಮಾರು 70 ಮೊಳೆತವು. ಕೆಂಪಿನ ಬೆನ್ನಿಗೇ, ಕಣ್ಣಿಗೆ ಕಂಡೂ ಕಾಣದಂತಿರುವ 'ದೂರಗೆಂಪು' ತೋರಿಸಿದರೆ ಆರೇಳು ಮಾತ್ರ. ಮತ್ತೆ ಕೆಂಪು ಕೊಟ್ಟರೆ ಮತ್ತೆ ಮೊಳಕೆ! ಬಾಗಿಲ ಚಿಲಕವನ್ನು ಎಷ್ಟು ಸಲ ಹಾಕಿ ತೆಗೆದರೂ ಲೆಕ್ಕಕ್ಕೆ ಬರುವುದು ಕೊನೆಯ ಸಲವೇ ತಾನೆ? ಬೀಜದ ಲೆಕ್ಕವೂ ಅದೇ. ಈ ಫಲಿತಾಂಶ 1952ರಲ್ಲಿ ಪ್ರಕಟವಾಯಿತು. ಆ ಚಿಲಕದಂಥ ವರ್ಣಕ ಕತ್ತಲಲ್ಲಿ ಬೆಳೆಸಿದ ಮೆಕ್ಕೆಜೋಳದ ಸಸಿಗಳಲ್ಲಿ ಉಪಕರಣಕ್ಕೆ ಸಿಕ್ಕಿದ್ದು 1959ರಲ್ಲಿ. ಅದಕ್ಕೆ ಫೈಟೋಕ್ರೋಮ್ ಎಂಬ ಹೆಸರು ಬಂತು. ಸುಮಾರು 660 ನ್ಯಾನೊಮೀಟರಿನ ಕೆಂಪು ಅದನ್ನು ಚುರುಕುಗೊಳಿಸುತ್ತದೆ, 730ರ ದೂರಗೆಂಪು ಸುಮ್ಮನಾಗಿಸುತ್ತದೆ.

ಬೀಜಕ್ಕೆ ಇದರಿಂದೇನು ಲಾಭ? ಮೇಲಿರುವ ಎಲೆಗಳು ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುತ್ತವೆ. ಹಾಗಾಗಿ ದೂರಗೆಂಪು ಹೆಚ್ಚಿದ್ದರೆ ಮೇಲೆ ಬೇರೆ ಗಿಡವಿದೆ ಎಂದರ್ಥ. ಲೆಟ್ಯೂಸ್ ಬೀಜದ ಪುಟ್ಟ ಬುತ್ತಿ ನೆರಳನ್ನು ದಾಟುವಷ್ಟಿಲ್ಲ. ಕಾಯುವುದೇ ಲೇಸು.

ಇದೇ ವರ್ಣಕವನ್ನು ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಸೇವಂತಿಗೆ ಬೆಳೆಗಾರರು ದುಡಿಸಿಕೊಳ್ಳುತ್ತಾರೆ. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘ ಇರುಳು ಬೇಕು. ರಾತ್ರಿ ಕೆಲವು ಗಂಟೆ ಹೊಲದಲ್ಲಿ ಬಲ್ಬು ಉರಿಸಿದರೆ, ಆ ಬೆಳಕಿನೊಳಗಿನ ಕೆಂಪು ಇರುಳನ್ನು ತುಂಡರಿಸುತ್ತದೆ. ಗಿಡ ಹೂ ಮರೆತು ಎತ್ತರಕ್ಕೆ ಬೆಳೆಯುತ್ತದೆ. ಸಾಕಷ್ಟು ಬೆಳೆದ ಮೇಲೆ ದೀಪ ಆರಿಸಿದರೆ ಮೊಗ್ಗು. ಅಷ್ಟು ಮಂದ ಬೆಳಕಿನಿಂದ ಗಿಡದ ಹೊಟ್ಟೆ ತುಂಬುವುದಿಲ್ಲ, ಹೂವಿನ ತಾರೀಖು ಮಾತ್ರ ಬದಲಾಗುತ್ತದೆ. ಮಾರುಕಟ್ಟೆಯ ದರ ನೋಡಿ ಬೆಳೆಯುವವರಿಗೆ ಬೇಕಾದದ್ದೂ ಅದೇ.