ಕೈಯಲ್ಲಿ ಚಾಟಿ, ಕಿವಿ ತುಂಬ ಬೈಗುಳ!

ಹೀ-ಮ್ಯಾನ್ ಕಥೆಯ ರೋಮದ ರಾಕ್ಷಸ ಬೀಸ್ಟ್‌ಮ್ಯಾನ್ ಪರವಾಗಿ ಎರಡು ಮಾತು

ನಾಯಕ ಬಂದರೆ ಶಿಳ್ಳೆ ಹೊಡೆಯುತ್ತೀರಿ. ಖಳನಾಯಕ ಬಂದರೆ ಹಲ್ಲು ಕಡಿಯುತ್ತೀರಿ. ಆದರೆ ಇವರಿಬ್ಬರ ನಡುವೆ ಸಿಕ್ಕಿಕೊಂಡು, ಮೊದಲ ರೀಲಿನಿಂದ ಕೊನೆಯ ರೀಲಿನ ತನಕ ಏಟು ತಿನ್ನುವ ಬಂಟನನ್ನು ಕೇಳುವವರು ಯಾರು ಸ್ವಾಮಿ? ಯಾರೂ ಇಲ್ಲ! ಅದಕ್ಕೇ ಈ ವಾರ ಅವರಿಬ್ಬರನ್ನೂ ಪಕ್ಕಕ್ಕಿಟ್ಟು ಒಬ್ಬ ಬಂಟನ ಕಥೆ ಬರೆಯೋಣ ಅಂತ ಕೂತಿದ್ದೇನೆ.

ಹೆಸರು: ಬೀಸ್ಟ್‌ಮ್ಯಾನ್. ಊರು: ಎಟರ್ನಿಯಾ. ಕಸಬು: ಧಣಿ ಸ್ಕೆಲಿಟರ್ ಹೇಳಿದಲ್ಲಿಗೆ ಓಡುವುದು, ಅಲ್ಲಿ ಹೀ-ಮ್ಯಾನ್ ಕೈಲಿ ಸೋಲುವುದು, ವಾಪಸು ಬಂದು ಧಣಿಯ ಕೈಲಿ ಬೈಸಿಕೊಳ್ಳುವುದು.

"ಮಕ್ಕಳ ಗೊಂಬೆಗೆ ಸಿನಿಮಾ ಪತ್ರಿಕೆಯಲ್ಲೇನ್ರೀ ಕೆಲಸ?" ಅಂತೀರಾ? ತಾಳಿ! ಅಂಗಡಿಯ ಕಪಾಟಿನಲ್ಲಿ ಹುಟ್ಟಿ, ಟಿ.ವಿ.ಗೆ ಹೋಗಿ, ಅಲ್ಲಿಂದ ಹಾಲಿವುಡ್ ಬೆಳ್ಳಿತೆರೆಗೆ ಜಿಗಿದ ಆಸಾಮಿ ಇವನು. ದೂರದರ್ಶನದಲ್ಲಿ ಹೀ-ಮ್ಯಾನ್ ಬರುತ್ತಿದ್ದ ಕಾಲದವರಿಗೆ ಇವನ ಪರಿಚಯ ಹೇಳಬೇಕಾಗಿಯೇ ಇಲ್ಲ.

ಹುಟ್ಟಿದಾಗಲೇ ತಕರಾರು

1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಗೆ 'ಸ್ಟಾರ್ ವಾರ್ಸ್' ಚಿತ್ರದ ಗೊಂಬೆ ಮಾಡುವ ಅವಕಾಶ ತಾನಾಗಿ ಬಂದಿತ್ತು. ಬೇಡ ಅಂದುಬಿಟ್ಟಿತು! 1977ರಲ್ಲಿ ಚಿತ್ರ ತೆರೆಗೆ ಬಂತು, ಹಕ್ಕು ಪಡೆದಿದ್ದ ಕೆನ್ನರ್ ಕಂಪನಿ ಹಣವನ್ನು ಬಾಚಿಕೊಂಡಿತು. ಕೈ ಹಿಸುಕಿಕೊಂಡ ಮ್ಯಾಟೆಲ್, ಯಾರ ಹಂಗೂ ಬೇಡ ಅಂತ ತನ್ನದೇ ಒಂದು ಲೋಕ ಕಟ್ಟಿತು. 1982ರಲ್ಲಿ ಅಂಗಡಿಗೆ ಬಂದ ಆ ಗೊಂಬೆಗಳೇ 'ಮಾಸ್ಟರ್ಸ್ ಆಫ್ ದಿ ಯೂನಿವರ್ಸ್'. ಎತ್ತರ 5.5 ಅಂಗುಲ, ಮೈತುಂಬ ಮಾಂಸಖಂಡ. ಮೊದಲ ತಂಡದ 8 ಗೊಂಬೆಗಳಲ್ಲಿ ನಮ್ಮ ಬೀಸ್ಟ್‌ಮ್ಯಾನ್ ಕೂಡ ಒಬ್ಬ.

ಇವನ ರೂಪ ಬರೆದವರು ಮಾರ್ಕ್ ಟೇಲರ್. ಮೊದಲು ಬರೆದದ್ದು 'ಸ್ಟಾರ್ ವಾರ್ಸ್'ನ ರೋಮದ ದೈತ್ಯ ಚ್ಯೂಬಾಕನನ್ನು ಹೋಲುತ್ತದೆ ಅಂತ ಕಂಪನಿಯಲ್ಲಿ ತಕರಾರು ಬಂದು, ಮತ್ತೆ ಬರೆಯಬೇಕಾಯಿತಂತೆ. ಕೊನೆಗೆ ಬಂದ ರೂಪ ನೋಡಿ: ಕಿತ್ತಳೆ ಬಣ್ಣದ ರೋಮ, ನೀಲಿ ಬಿಳಿ ಬಳಿದ ಮುಖ, ಎದೆಗೆ ಮುಳ್ಳಿನ ಕೆಂಪು ಕವಚ, ಕೈಯಲ್ಲೊಂದು ಚಾಟಿ!

ಆ ಚಾಟಿ ಸುಮ್ಮನೆ ಅಲ್ಲ. ಕಾಡುಪ್ರಾಣಿಗಳನ್ನು ಮನಸ್ಸಿನಲ್ಲೇ ಆಳುವ ಶಕ್ತಿ ಇವನಿಗೆ ಉಂಟು. ನೆಲದ ಮೇಲಿನದಾಗಲಿ, ಆಕಾಶದಲ್ಲಿ ಹಾರುವುದಾಗಲಿ, ಮೃಗ ಎಂಬುದೆಲ್ಲ ಇವನ ಮಾತು ಕೇಳಬೇಕು. ಆದರೆ ಇವನ ಮಾತು ಕೇಳುವ ಮನುಷ್ಯ ಮಾತ್ರ ಒಬ್ಬನೂ ಇಲ್ಲ. ಪಾಪ!

ನಾಯಕನ ಕಂಠ, ಬಂಟನ ಗುಟುರು

1983ರಲ್ಲಿ ಫಿಲ್ಮೇಷನ್ ಸಂಸ್ಥೆಯ ಕಾರ್ಟೂನ್ ಶುರುವಾಯಿತು. 1985ರ ಹೊತ್ತಿಗೆ 130 ಕಂತು! ಮಕ್ಕಳ ಕಾರ್ಯಕ್ರಮ ನೋಡಿ, ಹೊಡೆದಾಟಕ್ಕೆ ಕಟ್ಟುನಿಟ್ಟು. ಹೀ-ಮ್ಯಾನ್ ಬೆನ್ನಿನಲ್ಲಿ ಅಷ್ಟುದ್ದದ ಕತ್ತಿ ಇದ್ದರೂ ಯಾರನ್ನೂ ಕಡಿಯುವಂತಿಲ್ಲ. ಹಾಗಾದರೆ ಮಾಡುವುದೇನು? ಎತ್ತಿ ಬಿಸಾಡುವುದು! ಯಾರನ್ನು? ಇನ್ಯಾರನ್ನು, ಈ ಬಂಟರನ್ನೇ!

ಈಗ ಒಂದು ಸ್ವಾರಸ್ಯ ಹೇಳುತ್ತೇನೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಕಾರ್ಟೂನಿನಲ್ಲಿ ಹೀ-ಮ್ಯಾನ್‌ಗೆ ಕಂಠ ಕೊಟ್ಟವರು ಜಾನ್ ಅರ್ವಿನ್. ಬೀಸ್ಟ್‌ಮ್ಯಾನ್‌ಗೆ? ಅವರೇ! ಲೋಕ ಕಾಯುವ ವೀರನ ಗಂಭೀರ ದನಿಯೂ, ಗುರುಗುಟ್ಟುವ ಮೃಗಮನುಷ್ಯನ ಒರಟು ದನಿಯೂ ಒಂದೇ ಗಂಟಲಿನಿಂದ ಬಂದವು. ಆಚೆ ಕಡೆ ಸ್ಕೆಲಿಟರ್‌ಗೆ ದನಿ ಕೊಟ್ಟ ಅಲನ್ ಓಪನ್‌ಹೈಮರ್ ಅವರೇ ಹೀ-ಮ್ಯಾನ್‌ನ ಬಲಗೈ ಮ್ಯಾನ್-ಅಟ್-ಆರ್ಮ್ಸ್‌ಗೂ, ಅವನ ಹುಲಿ ಬ್ಯಾಟಲ್ ಕ್ಯಾಟ್‌ಗೂ ದನಿ! ಮೈಕಿನ ಮುಂದೆ ನಿಂತವರಿಗೆ ಒಳ್ಳೆಯವರ ಕಡೆ, ಕೆಟ್ಟವರ ಕಡೆ ಎಂಬ ಭೇದವೇ ಇರಲಿಲ್ಲ.

ದನಿ ಹಾಗಾಯಿತು, ದೇಹ? ಅದರ ಕಥೆಯೂ ಇಷ್ಟೇ. ಗೊಂಬೆ ಮಾಡುವ ಅಚ್ಚಿಗೆ ಖರ್ಚು ಜಾಸ್ತಿ, ಹಾಗಾಗಿ ಒಂದೇ ಅಚ್ಚನ್ನು ಮತ್ತೆ ಮತ್ತೆ ಬಳಸುವುದು ಮ್ಯಾಟೆಲ್‌ನ ಲೆಕ್ಕಾಚಾರ. 1985ರಲ್ಲಿ ಮಾಸ್‌ಮ್ಯಾನ್ ಎಂಬ ಹೊಸ ಗೊಂಬೆ ಬಂದ. ಹೀ-ಮ್ಯಾನ್ ಕಡೆಯ ಧೀರ. ನೋಡಿದರೆ ಬೀಸ್ಟ್‌ಮ್ಯಾನ್‌ನದೇ ಮೈಕಟ್ಟು! ಮೇಲೆ ಹಸಿರು ತುಪ್ಪಳ ಅಂಟಿಸಿ, ದೇವದಾರು ಮರದ ವಾಸನೆ ಬೆರೆಸಿದ್ದರು, ಅಷ್ಟೆ. ಕಿತ್ತಳೆ ಬಣ್ಣ ಬಳಿದರೆ ಕೇಡಿ, ಹಸಿರು ಹಚ್ಚಿದರೆ ಧೀರ. ಇದ್ಯಾವ ನ್ಯಾಯ ಹೇಳಿ?

ಹೊರಗೆ ಹಾಕಿದರೂ ಅದೇ ಬಾಗಿಲು

ಬೀಸ್ಟ್‌ಮ್ಯಾನ್ ಬಗ್ಗೆ ನನ್ನ ಮನಸ್ಸು ಕರಗಿದ್ದು ಒಂದು ಕಂತಿನಿಂದ. ಹೆಸರು 'ಪ್ರಿನ್ಸ್ ಆಡಂ ನೋ ಮೋರ್'. ಸೋತು ಬಂದ ಇವನನ್ನು ಸ್ಕೆಲಿಟರ್ ತನ್ನ ಸರ್ಪಪರ್ವತದಿಂದಲೇ ಹೊರಗೆ ಹಾಕುತ್ತಾನೆ. ಈಗ ಇವನು ಸ್ವತಂತ್ರ! ಕಾಡಿದೆ, ಮೃಗಗಳಿವೆ, ಕೈಯಲ್ಲಿ ಚಾಟಿ ಇದೆ. ರಾಜನ ಹಾಗೆ ಇರಬಹುದಿತ್ತು. ಏನು ಮಾಡುತ್ತಾನೆ ಗೊತ್ತೇ? ಧಣಿಯ ಮೆಚ್ಚುಗೆ ಮತ್ತೆ ಗಳಿಸಬೇಕು ಅಂತ ಒಬ್ಬನೇ ಹೋಗಿ ಎಟರ್ನಿಯಾದ ದೊರೆ ರಾಂಡರ್‌ನನ್ನೇ ಹಿಡಿಯುತ್ತಾನೆ! ಆಮೇಲೆ ಹೀ-ಮ್ಯಾನ್ ಬಂದ, ದೊರೆ ಪಾರಾದ, ಅದು ಬೇರೆ ಮಾತು. ಆದರೆ ಬೈದು ಹೊರದಬ್ಬಿದವನ ಬಾಯಿಂದಲೇ ಒಂದು 'ಭೇಷ್' ಕೇಳುವ ಆಸೆ ಇದೆಯಲ್ಲ, ಅದು ಮೃಗದ ಗುಣವಲ್ಲ ಮಿತ್ರರೇ. ಅಪ್ಪಟ ಮನುಷ್ಯರದು. ಮುಂಗೋಪಿ ಧಣಿಯ ಕೈಕೆಳಗೆ ದುಡಿದವರನ್ನು ಕೇಳಿ, ಹೇಳುತ್ತಾರೆ.

ಬೆಳ್ಳಿತೆರೆಯಲ್ಲಿ ಬಾಯಿಗೇ ಬೀಗ

1987ರಲ್ಲಿ ಕ್ಯಾನನ್ ಸಂಸ್ಥೆಯ ಚಿತ್ರ ಬಂತು. ನಿರ್ದೇಶನ ಗ್ಯಾರಿ ಗೊಡಾರ್ಡ್. 'ರಾಕಿ 4'ರಲ್ಲಿ ಸ್ಟಲೋನ್ ಎದುರು ನಿಂತ ಡಾಲ್ಫ್ ಲುಂಡ್‌ಗ್ರೆನ್ ಇಲ್ಲಿ ಹೀ-ಮ್ಯಾನ್. ಸ್ಕೆಲಿಟರ್ ಆಗಿ ರಂಗಭೂಮಿಯ ಹುಲಿ ಫ್ರಾಂಕ್ ಲಾಂಜೆಲ್ಲಾ. ಆ ಗತ್ತು, ಆ ಡೈಲಾಗ್! ತಮ್ಮ ಮೆಚ್ಚಿನ ಪಾತ್ರಗಳಲ್ಲಿ ಅದೂ ಒಂದು ಅಂತ ಅವರೇ ಹೇಳಿಕೊಂಡಿದ್ದಾರೆ.

ಮತ್ತೆ ನಮ್ಮ ಬಂಟ? ಟೋನಿ ಕ್ಯಾರೊಲ್ ಎಂಬ ನಟ ಆ ರೋಮ, ಆ ಮುಖವಾಡ ಹೊತ್ತು ಬಂದರು. ಆದರೆ ಮಾತು ಒಂದೂ ಇಲ್ಲ, ಬರೀ ಗುಟುರು! ಹೀ-ಮ್ಯಾನ್‌ನನ್ನು ಬೇಟೆಯಾಡಲು ಭೂಮಿಗೆ ಬಂದ ನಾಲ್ವರು ಬಂಟರು ಸೋತು ವಾಪಸಾದಾಗ, ಸ್ಕೆಲಿಟರ್ ಅವರಲ್ಲಿ ಒಬ್ಬನಾದ ಸಾರಾಡ್‌ನನ್ನು ನಿಂತಲ್ಲೇ ಮುಗಿಸುತ್ತಾನೆ. ಉಳಿದವರು? ಮತ್ತೆ ಡ್ಯೂಟಿಗೆ! ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಸ್ಕೆಲಿಟರ್ ಎಂಥವನು ಅಂತ ತೋರಿಸುವ ದೃಶ್ಯ ಅದೇ. ಶತ್ರುವನ್ನು ಕೊಲ್ಲುವವನಿಗಿಂತ, ತನ್ನವನನ್ನೇ ಕೊಲ್ಲುವವನು ದೊಡ್ಡ ಕೇಡಿ.

ತಡವಾದರೂ ಇವನಿಗೊಂದು ಮರ್ಯಾದೆ ಸಿಕ್ಕಿದ್ದು 2021ರಲ್ಲಿ. ಕೆವಿನ್ ಸ್ಮಿತ್ ಅವರ 'ರೆವೆಲೇಷನ್' ಎಂಬ ನೆಟ್‌ಫ್ಲಿಕ್ಸ್ ಸರಣಿಯಲ್ಲಿ ಸ್ಕೆಲಿಟರ್ ಇಲ್ಲವಾದ ಮೇಲೆ ಬೀಸ್ಟ್‌ಮ್ಯಾನ್ ಮಾಂತ್ರಿಕೆ ಈವಿಲ್-ಲಿನ್ ಜತೆ ನಿಲ್ಲುತ್ತಾನೆ. ಇಲ್ಲಿ ಅವನು ಬರೀ ಏಟು ತಿನ್ನುವ ಗೊಂಬೆಯಲ್ಲ, ನಂಬಿದವರ ಬೆನ್ನಿಗಿರುವ ಆಳು.

ಹೀ-ಮ್ಯಾನ್‌ಗೆ ಶಿಳ್ಳೆ ಹೊಡೆಯಬೇಡಿ ಅಂತ ನಾನೇನೂ ಹೇಳುತ್ತಿಲ್ಲ. ಹೊಡೀರಿ, ಧಾರಾಳವಾಗಿ ಹೊಡೀರಿ! ಆದರೆ ನಾಯಕನ ಒಂದೇ ಏಟಿಗೆ ಹತ್ತು ಅಡಿ ಹಾರಿ ಬೀಳುವವನು ಸರಿಯಾಗಿ ಬಿದ್ದರೆ ತಾನೇ ಆ ಏಟಿಗೆ ಬೆಲೆ? ಮುಂದಿನ ಸಲ ಯಾವುದೇ ಚಿತ್ರ ನೋಡುವಾಗ, ಕೆಳಗೆ ಬಿದ್ದವನ ಕಡೆಗೂ ಒಂದು ಕಣ್ಣಿರಲಿ. ಒಂದು ಶಿಳ್ಳೆ ಅವನಿಗೂ ಸಲ್ಲಬೇಕು.