ರೋಮಿನ ಅಸ್ತಮಾನ, ದುರ್ಗದ ಅಸ್ತಮಾನ

ಭಾನುವಾರ ಬುತ್ತಿ ಕಟ್ಟಿಕೊಂಡು ಚಂದ್ರವಳ್ಳಿಗೆ ಹೋಗುವ ಚಿತ್ರದುರ್ಗದ ಜನರಿಗೆ ಅಲ್ಲಿನ ಕೆರೆ, ಗುಹೆಗಳು ಚಿರಪರಿಚಿತ. ಡಾ. ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದ ಈ ನೆಲದಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆದರೆ ಕತೆಗಾರರನ್ನು ಹೆಚ್ಚಾಗಿ ಸೆಳೆದಿರುವುದು ಆ ವೈಭವದ ರೋಮ್ ಅಲ್ಲ. ನಾಲ್ಕುನೂರು ವರ್ಷ ಕಳೆದು, ಬೊಕ್ಕಸ ಬರಿದಾಗಿ, ಸೇನಾಪತಿಗಳ ಕೈಗೊಂಬೆಗಳು ಸಿಂಹಾಸನದಲ್ಲಿ ಕುಳಿತಿದ್ದ ರೋಮ್.

ಅಮೆರಿಕದ ಐಸಾಕ್ ಅಸಿಮೊವ್ 1940ರ ದಶಕದಲ್ಲಿ ನಕ್ಷತ್ರಲೋಕದಲ್ಲೊಂದು ಸಾಮ್ರಾಜ್ಯ ಕಟ್ಟಿ 'ಫೌಂಡೇಶನ್' ಕತೆಗಳನ್ನು ಬರೆದಾಗ ಅವರಿಗೆ ಪ್ರೇರಣೆ ಎಡ್ವರ್ಡ್ ಗಿಬ್ಬನ್ 18ನೇ ಶತಮಾನದಲ್ಲಿ ಬರೆದ ರೋಮಿನ ಪತನದ ಇತಿಹಾಸ. ಅಸಿಮೊವ್ ಎರವಲು ಪಡೆದದ್ದು ಕಿರೀಟ, ಪೋಷಾಕುಗಳನ್ನಲ್ಲ. ದೊಡ್ಡ ಆಡಳಿತವೊಂದು ಅಂಚಿನಿಂದ ಹೇಗೆ ಕುಸಿಯುತ್ತದೆ ಎಂಬ ಒಳಮರ್ಮವನ್ನು. ಕಲ್ಪಿತ ಸಾಮ್ರಾಜ್ಯ ನಂಬುವಂತಿರಬೇಕಾದರೆ ಸೈನಿಕನಿಗೆ ಸಂಬಳ ಕೊಡುವವರು ಯಾರೆಂಬುದು ಅದರಲ್ಲಿ ಗೊತ್ತಾಗಬೇಕು.

ಅಂಥ ಸಾಮಗ್ರಿಗೆ ನಮ್ಮ ಲೇಖಕರು ರೋಮಿಗೇ ಹೋಗಬೇಕಿಲ್ಲ. ವಿಜಯನಗರದ ಆಶ್ರಯದಲ್ಲಿ ತಿಮ್ಮಣ್ಣ ನಾಯಕ ಮೊದಲು ಹೊಳಲ್ಕೆರೆಗೆ, ಆಮೇಲೆ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ನಾಯಕನಾದ. 1565ರಲ್ಲಿ ವಿಜಯನಗರ ಮುರಿದ ಮೇಲೆ ಅವನ ವಂಶದವರು ತಾವೇ ಅರಸರಾದರು. ಗಡಿ ಕಾಯಲು ಬಂದವರು ಗಡಿಯ ಒಡೆಯರಾಗುವುದು ರೋಮಿನ ಪಶ್ಚಿಮ ಪ್ರಾಂತಗಳಲ್ಲೂ ನಡೆದ ಕತೆಯೇ. ಹೊಸದುರ್ಗದ ಬೆಟ್ಟದ ಕೋಟೆಯೂ ಅಂಥ ಗಡಿಜಗಳದ ಕೂಸು. ಸಿರಾಕ್ಕೆ ಸೇರಿದ್ದ ಬಾಗೂರಿನ ಮೇಲೆ ಕಣ್ಣಿಟ್ಟು ಚಿಕ್ಕಣ್ಣ ನಾಯಕ ಕಟ್ಟಿಸಿದ್ದು.

ಹೋಲಿಕೆ ಇನ್ನೂ ಹತ್ತಿರವಾಗುವುದು ದಳವಾಯಿಗಳ ವಿಚಾರದಲ್ಲಿ. 5ನೇ ಶತಮಾನದ ರೋಮಿನಲ್ಲಿ ರಿಸಿಮರ್ ಎಂಬ ಸೇನಾಪತಿಯಿದ್ದ. ಬುಡಕಟ್ಟಿನ ಮೂಲದವನಾದ್ದರಿಂದ ತಾನು ಪಟ್ಟವೇರುವಂತಿರಲಿಲ್ಲ. ಆದ್ದರಿಂದ ಬೇಕಾದವರನ್ನು ಏರಿಸುತ್ತಿದ್ದ, ಬೇಡವಾದವರನ್ನು ಇಳಿಸುತ್ತಿದ್ದ. 461ರಲ್ಲಿ ಮೇಜೋರಿಯನ್ ಚಕ್ರವರ್ತಿಯ ತಲೆಯನ್ನೇ ತೆಗೆಸಿದ. ದುರ್ಗದಲ್ಲಿ 1670ರ ದಶಕದ ಓಬಣ್ಣ ನಾಯಕ ವರ್ಷ ತುಂಬುವಷ್ಟರಲ್ಲಿ ಕೊಲೆಯಾದ. ದಳವಾಯಿಗಳ ಅಸಮಾಧಾನವೇ ಕಾರಣ. ಮುಂದೆ ದಳವಾಯಿ ಮುದ್ದಣ್ಣನ ಕೈಯಲ್ಲಿ ಗದ್ದುಗೆ ಆಟದ ವಸ್ತುವಾಯಿತು. 1689ರಲ್ಲಿ ಭರಮಣ್ಣ ನಾಯಕ ಪಟ್ಟಕ್ಕೆ ಬಂದ ನಂತರವೇ ದುರ್ಗ ಸ್ಥಿಮಿತಕ್ಕೆ ಬಂದದ್ದು.

ತ.ರಾ.ಸು. ಅವರ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಹುಟ್ಟಿದ್ದು ಇದೇ ಪ್ರಕ್ಷುಬ್ಧ ಕಾಲದಿಂದ. 1982ರ 'ದುರ್ಗಾಸ್ತಮಾನ' ಕೊನೆಯ ಮದಕರಿ ನಾಯಕನದು. 1984ರಲ್ಲಿ ತ.ರಾ.ಸು. ತೀರಿಕೊಂಡ ಮೇಲೆ, 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದ ಹೊರಗಿನವರು ಕೋಟೆ ನೋಡಲು ಬರುವಾಗ ಮನಸ್ಸಿನಲ್ಲಿ ಹೊತ್ತು ತರುವುದು ಬಹುಮಟ್ಟಿಗೆ ಈ ಕಾದಂಬರಿಗಳ ದುರ್ಗವನ್ನೇ. ಕಲ್ಪನೆಗೆ ಅಷ್ಟು ಶಕ್ತಿಯಿದೆ. ಅಪಾಯವೂ ಅಲ್ಲೇ ಇದೆ.

ಪತನದ ಕತೆ ಹೇಳುವವರಿಗೆ ಬಲು ಸುಲಭವಾಗಿ ಸಿಗುವ ಪಾತ್ರವೆಂದರೆ ದ್ರೋಹಿ. 1779ರಲ್ಲಿ ಹೈದರಾಲಿಗೆ ಕೋಟೆ ದಕ್ಕಿದ್ದು ನಾಯಕನ ಸೈನ್ಯದಲ್ಲಿದ್ದ ಮುಸ್ಲಿಮರ ದ್ರೋಹದಿಂದ ಎಂದು ಹಳೆಯ ಗೆಜೆಟಿಯರು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆದರೆ ಮದಕರಿ ಸ್ವತಃ ಅದಕ್ಕೆ ಮೊದಲು ಹೈದರನಿಗೆ ಕಪ್ಪ ಕೊಟ್ಟವನು, ಅವನ ಯುದ್ಧಗಳಿಗೆ ಪಡೆ ಕಳಿಸಿದವನು. ಪದೇ ಪದೇ ಬಿದ್ದ ಮುತ್ತಿಗೆ, ಮರಾಠರ ಮತ್ತು ಹೈದರನ ನಡುವೆ ಸಿಕ್ಕಿದ ಇಕ್ಕಟ್ಟು, ಇವುಗಳನ್ನು ಬಿಟ್ಟು ದ್ರೋಹವೊಂದನ್ನೇ ಹಿಡಿದರೆ ಇತಿಹಾಸವೂ ಕೆಡುತ್ತದೆ, ಕತೆಯೂ ತೆಳುವಾಗುತ್ತದೆ. ರೋಮಿನಲ್ಲೂ ಹೀಗೆಯೇ. 410ರಲ್ಲಿ ನಗರವನ್ನು ಲೂಟಿ ಮಾಡಿದ ಅಲಾರಿಕ್ ಹಿಂದೆ ರೋಮಿನ ಪರವಾಗಿ ಕಾದಾಡಿದ್ದವನು. 408ರಲ್ಲಿ ರೋಮನ್ ಸೈನಿಕರು ತಮ್ಮದೇ ಪಡೆಯ ಹೊರಗಿನ ಯೋಧರ ಹೆಂಡಿರು ಮಕ್ಕಳನ್ನು ಇಟಲಿಯ ಊರೂರಿನಲ್ಲಿ ಕೊಂದರು. ಆ ಯೋಧರು ಹೋಗಿ ಸೇರಿದ್ದು ಅಲಾರಿಕ್‌ನನ್ನು. 476ರಲ್ಲಿ ಕೊನೆಯ ಬಾಲ ಚಕ್ರವರ್ತಿ ಪದಚ್ಯುತನಾದದ್ದಕ್ಕೂ ಮೂಲ, ಸೈನಿಕರು ಕೇಳಿದ ಭೂಮಿಯನ್ನು ಕೊಡದೆ ಹೋದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಉಂಬಳಿಯ ಜಗಳ.

ಒನಕೆ ಓಬವ್ವನನ್ನು ದುರ್ಗದ ಮಗುವೂ ಬಲ್ಲದು. ಕೋಟೆ ಬಿದ್ದ ಬಳಿಕ ಏನಾಯಿತೆಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮದಕರಿಯನ್ನು ಪರಿವಾರ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ದರು. ಸುಮಾರು 20,000 ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತು; ಅವರಲ್ಲಿನ ಹುಡುಗರನ್ನು ಆರಿಸಿ 'ಚೇಲಾ' ಪಡೆಗಳನ್ನು ಕಟ್ಟಿದರು. ದುರ್ಗವನ್ನು ಕಾದವರ ಮಕ್ಕಳು ದುರ್ಗವನ್ನು ಗೆದ್ದವನ ಸಮವಸ್ತ್ರ ತೊಟ್ಟರು. ಈ ಹುಡುಗರ ಕಣ್ಣಿನಿಂದ ಕಟ್ಟಿದ ಸಾಮ್ರಾಜ್ಯದ ಕತೆಯನ್ನು ನಾನಿನ್ನೂ ಓದಿಲ್ಲ.