ಪಾಲಿಶ್ ಒಣಗಿತಾ? ಬೆರಳಿಟ್ಟು ನೋಡಿ

ಆಯುಧಪೂಜೆ ಬಂತೆಂದರೆ ಲಗ್ಗೆರೆಯಲ್ಲಿ ಮನೆ ಮನೆ ಮುಂದೆ ಕಾರು ತೊಳೆಯುವ ಗಡಿಬಿಡಿ. ಮನೆಯವರು ಡ್ಯೂಟಿಗೆ ಹೊರಟರೆ ಪಾಲಿಶ್ ಡಬ್ಬಿ ನಿಮ್ಮ ಕೈಗೇ ಬರುತ್ತೆ, ಅಲ್ವಾ? ಎಷ್ಟು ಉಜ್ಜಿದರೂ ಬಿಳಿ ಮಸಕು ಹೋಗುತ್ತಿಲ್ಲವೇ? ದಪ್ಪಗೆ ಹಚ್ಚಿದ್ದರಿಂದಲೇ ಹೆಚ್ಚಾಗಿ ಹೀಗಾಗುವುದು.

ಪೀಣ್ಯ, ರಿಂಗ್ ರೋಡ್ ಕಡೆ ಓಡಾಡಿದ ಕಾರಿನ ಮೇಲೆ ದೂಳು ಕೂತಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಆಳವಾದ ಗೀರು ಪಾಲಿಶ್‌ನಿಂದ ಹೋಗಲ್ಲ, ಪೇಂಟಿಂಗ್ ಖರ್ಚೇ ಗತಿ! ಮೊದಲು ನೀರು ಹಾಕಿ ದೂಳು ಇಳಿಸಿ, ಕಾರ್ ಶಾಂಪೂವಿನಿಂದ ತೊಳೆಯಿರಿ. ಬಟ್ಟೆ ಸೋಪಿನ ಪುಡಿ ಬೇಡ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಿ, ಇಲ್ಲವಾದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ. ಬಿಸಿಲಲ್ಲಿ ಪಾಲಿಶ್ ಬೇಗ ಒಣಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಒಮ್ಮೆಗೆ ಎರಡಡಿ ಜಾಗಕ್ಕೆ ಮಾತ್ರ, ಪೇಪರ್ ದೋಸೆಯಷ್ಟು ತೆಳ್ಳಗೆ ಹಚ್ಚಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತದೆ.

ಮೋಡದ ದಿನ ಪಾಲಿಶ್ ಒಣಗೋದು ನಿಧಾನ, ಅವಸರ ಬೇಡ. ಮಂಜು ಕವಿದಂತೆ ಬಿಳಿಯಾದಾಗ ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಮೂಡಿದರೆ ಒಣಗಿದೆ ಎಂದರ್ಥ. ಮೆತ್ತಿಕೊಂಡರೆ ಇನ್ನಷ್ಟು ಕಾಯಿರಿ. ಕೆಲವು ಪಾಲಿಶ್‌ಗಳನ್ನು ಒಣಗುವ ಮೊದಲೇ ಒರೆಸಬೇಕು, ಹಾಗಾಗಿ ಡಬ್ಬಿಯ ಮೇಲಿನ ಸೂಚನೆ ಓದಿಕೊಳ್ಳಿ.

ಒರೆಸಲು ಒಗೆದ ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಮುಟ್ಟಿಸಲೇಬೇಡಿ, ಅಂಟಿದ ಮರಳೇ ಗೀರು ಹಾಕುತ್ತದೆ.

ಪೂಜೆಯಾದ ಮಾರನೇ ದಿನ ಅರಿಶಿನ, ಕುಂಕುಮವನ್ನು ಉಜ್ಜದೆ ನೀರಿನಿಂದ ತೊಳೆಯಿರಿ. ಆಗ ನಿಮ್ಮ ಶ್ರಮದ ಹೊಳಪು ಹಬ್ಬ ಮುಗಿದ ಮೇಲೂ ಉಳಿದೀತು!